ಮಡಿ ಮಾಡಿದ ಮಣ್ಣಲ್ಲಿ ರೋಗಾಣುವಿಗೆ ಆಯಸ್ಸು ಜಾಸ್ತಿ

ಚಳಿಗಾಲದ ಬೆಳಗ್ಗೆ ತಿಪ್ಪೆ ಕೆದಕಿದವರಿಗೆ ಇದು ಗೊತ್ತಿರುತ್ತದೆ. ಮೇಲಿನ ಒಣ ಪದರ ಸರಿಸಿ ಹಾರೆ ಹಾಕಿದರೆ ಒಳಗಿಂದ ಹಬೆ ಏಳುತ್ತದೆ. ಒಂದೂವರೆ ಅಡಿ ಆಳಕ್ಕೆ ಕೈಯಿಟ್ಟರೆ ಚುರುಕ್ಕೆನ್ನುತ್ತದೆ, ಹೆಚ್ಚು ಹೊತ್ತು ಇಡಲಾಗುವುದಿಲ್ಲ. ಅದೇ ತಿಪ್ಪೆಯ ಅಂಚಿನಲ್ಲಿ ನಿನ್ನೆ ಸುರಿದ ಸಗಣಿ ಮುಟ್ಟಿ ನೋಡಿ: ತಣ್ಣಗೆ, ಲೋಳೆಲೋಳೆ. ಗೊಬ್ಬರ ತುಂಬುವ ದಿನ ಎರಡೂ ಒಂದೇ ಮಕ್ಕರಿಗೆ ಬಿದ್ದು ಕೊತ್ತಂಬರಿ ಮಡಿಗೆ ಹೋಗುತ್ತವೆ. ನನ್ನ ತಕರಾರು ಆ ತಣ್ಣನೆಯ ಪಾಲಿನ ಮೇಲೆ.

ದನದ ಕರುಳಲ್ಲಿ ಇ. ಕೋಲಿ ಬ್ಯಾಕ್ಟೀರಿಯಾ ಇರುವುದು ಸಹಜ. ಹೆಚ್ಚಿನವು ಪಾಪದವು. ಆದರೆ ಒ157:ಎಚ್7 ಎಂಬ ತಳಿಯೊಂದಿದೆ. 1982ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದು ರಕ್ತಭೇದಿಗೆ ಬಿದ್ದವರಲ್ಲಿ ಅದು ಪತ್ತೆಯಾಯಿತು. ಅದು ಬಿಡುವ ವಿಷ ಮಕ್ಕಳ ಕಿಡ್ನಿಯನ್ನೇ ಕೆಡಿಸಬಲ್ಲದು. ಹೊಟ್ಟೆಗೆ ನೂರಕ್ಕಿಂತ ಕಡಿಮೆ ಜೀವಕೋಶ ಹೋದರೂ ಸಾಕು. ದನಕ್ಕೆ ಮಾತ್ರ ಏನೂ ಆಗುವುದಿಲ್ಲ. ಆ ವಿಷ ಹಿಡಿದುಕೊಳ್ಳುವ ಅಣು ಅದರ ಕರುಳಿನ ರಕ್ತನಾಳಗಳಲ್ಲಿ ಇಲ್ಲ. ಹಾಗಾಗಿ ಹಸು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಅದರ ಸಗಣಿಗೆ ಯಾರೂ ಜಾಮೀನು ನಿಲ್ಲುವಂತಿಲ್ಲ. 2006ರಲ್ಲಿ ಕ್ಯಾಲಿಫೋರ್ನಿಯಾದ ಪಾಲಕ್ ಸೊಪ್ಪನ್ನು ಹಸಿಯಾಗಿ ತಿಂದು 26 ರಾಜ್ಯಗಳಲ್ಲಿ ಸುಮಾರು 200 ಜನ ಕಾಯಿಲೆ ಬಿದ್ದರು, ಮೂವರು ಸತ್ತರು. ಹೊಲದ ಆಸುಪಾಸಿನ ದನದ ಸಗಣಿ, ಕಾಡುಹಂದಿ, ಹೊಳೆಯ ನೀರು ಎಲ್ಲದರಲ್ಲೂ ಅದೇ ತಳಿ ಸಿಕ್ಕಿತು.

ಹಾಗಾದರೆ ಮಣ್ಣಿಗೆ ಬಿದ್ದ ಇ. ಕೋಲಿ ಎಷ್ಟು ದಿನ ಬದುಕುತ್ತದೆ?

ಅದರ ಕಡೆಯಿಂದ ನೋಡಿದರೆ ಹೊಲವೆಂದರೆ ಗಡೀಪಾರು. ಕರುಳಲ್ಲಿ ಸದಾ ಬೆಚ್ಚಗಿತ್ತು, ಕತ್ತಲಿತ್ತು, ಕೂತಲ್ಲಿಗೆ ಊಟ ಬರುತ್ತಿತ್ತು. ಇಲ್ಲಿ ಹಗಲು ಸುಡುತ್ತದೆ, ರಾತ್ರಿ ತಣಿಯುತ್ತದೆ, ನೀರು ಇಂದಿದ್ದರೆ ನಾಳೆ ಇಲ್ಲ. ಎಲ್ಲಕ್ಕಿಂತ ದೊಡ್ಡ ಕಷ್ಟ ನೆರೆಹೊರೆಯದು. ಒಂದು ಚಮಚ ಹೊಲದ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಆಗಲೇ ಬೇರೂರಿ ಕೂತಿವೆ. ಇದ್ದ ಚೂರುಪಾರು ಆಹಾರವನ್ನು ಅವು ಹೊಸಬರಿಗೆ ಬಿಟ್ಟುಕೊಡುವುದಿಲ್ಲ. ಇನ್ನು ಪ್ರೊಟೊಜೋವಾ ಎಂಬ ಏಕಕೋಶ ಜೀವಿಗಳಂತೂ ಮಣ್ಣಿನ ಕಣಗಳ ನಡುವಿನ ನೀರಿನ ಪೊರೆಯಲ್ಲಿ ತೆವಳುತ್ತಾ ಬ್ಯಾಕ್ಟೀರಿಯಾಗಳನ್ನು ನುಂಗುವುದನ್ನೇ ಕಸುಬು ಮಾಡಿಕೊಂಡಿವೆ.

ಇದನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ನೋಡಿದ್ದಾರೆ. ಒಂದೇ ಹೊಲದ ಮಣ್ಣನ್ನು ಎರಡು ಪಾಲು ಮಾಡಿ, ಒಂದನ್ನು ಕಾಯಿಸಿ ಅದರೊಳಗಿನ ಜೀವವನ್ನೆಲ್ಲ ಕೊಲ್ಲುತ್ತಾರೆ, ಇನ್ನೊಂದನ್ನು ಇದ್ದ ಹಾಗೇ ಬಿಡುತ್ತಾರೆ. ಎರಡಕ್ಕೂ ಇ. ಕೋಲಿ ಸೇರಿಸಿದರೆ ಹೆಚ್ಚು ದಿನ ಬದುಕುವುದು ಕಾಯಿಸಿದ ಮಣ್ಣಿನಲ್ಲಿ! ಜೀವವಿಲ್ಲದ ಆ ಶುದ್ಧ ಮಣ್ಣಿನಲ್ಲಿ ಅದನ್ನು ಕೇಳುವವರೇ ಇಲ್ಲ. ನಾವು ಮೈಲಿಗೆ ಎಂದುಕೊಳ್ಳುವ ಮಣ್ಣಿನ ಆ ಗಿಜಿಗಿಜಿಯೇ ರೋಗಾಣುವಿನ ಶತ್ರು.

ಮಣ್ಣಿಂದ ಮಣ್ಣಿಗೆ ಲೆಕ್ಕ ಬದಲಾಗುತ್ತದೆ. ಜೇಡಿಮಣ್ಣಿನ ಸಂದುಗಳು ಎಷ್ಟು ಕಿರಿದೆಂದರೆ ಬ್ಯಾಕ್ಟೀರಿಯಾ ನುಸುಳಬಹುದು, ಅದನ್ನು ಬೆನ್ನಟ್ಟಿ ಬಂದ ಪ್ರೊಟೊಜೋವಾ ನುಸುಳಲಾರದು. ಮರಳುಮಣ್ಣಿನಲ್ಲಿ ಅಡಗಲು ಅಷ್ಟು ಜಾಗವಿಲ್ಲ. ತಂಪು, ತೇವ ಇದ್ದರೆ ಆಯಸ್ಸು ಹೆಚ್ಚು. ಬಿಸಿಲಿಗೆ ಕಾದು ಒಣಗಿದರೆ ಕಡಿಮೆ. ಅಮೆರಿಕದ ಜಾರ್ಜಿಯಾದಲ್ಲಿ ಬೇಕೆಂದೇ ಇ. ಕೋಲಿ ಬೆರೆಸಿದ ಗೊಬ್ಬರ ಹಾಕಿ ತರಕಾರಿ ಬೆಳೆದಾಗ ಅದು ಮಣ್ಣಿನಲ್ಲಿ ಐದರಿಂದ ಏಳು ತಿಂಗಳವರೆಗೂ ಸಿಕ್ಕಿತ್ತು. ಅಷ್ಟೂ ದಿನ ಅದೇ ಸಂಖ್ಯೆಯಲ್ಲಿ ಇತ್ತೆಂದಲ್ಲ. ಮೊದಮೊದಲು ಸರಸರನೆ ಸಾಯುತ್ತವೆ, ಆಮೇಲೆ ಉಳಿದ ಬೆರಳೆಣಿಕೆಯವು ಜಪ್ಪಯ್ಯ ಅಂದರೂ ಜಾಗ ಬಿಡುವುದಿಲ್ಲ. ನೂರು ಕೋಶ ಸಾಕು ಎನ್ನುವ ರೋಗದಲ್ಲಿ ಈ ಬೆರಳೆಣಿಕೆಯವೇ ತಲೆನೋವು.

ಅಮೆರಿಕದ ಸಾವಯವ ಕೃಷಿ ನಿಯಮದ ಪ್ರಕಾರ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಯಾದರೆ ಹಸಿ ಗೊಬ್ಬರ ಮಣ್ಣಿಗೆ ಸೇರಿದ ಮೇಲೆ ಕೊಯ್ಲಿಗೆ 120 ದಿನ ಕಾಯಬೇಕು, ತಾಗದಿದ್ದರೆ 90 ದಿನ. ನಮ್ಮ ಕೊತ್ತಂಬರಿ ಒಂದೂವರೆ ತಿಂಗಳೊಳಗೆ ಕಟ್ಟು ಕಟ್ಟಿ ಸಂತೆಗೆ ಹೋಗುತ್ತದೆ. ಅಲ್ಲಿಂದ ಕೋಸಂಬರಿಗೆ, ಹಸಿಯಾಗಿಯೇ. ಅಂದಮೇಲೆ ಕಾಯುವ ಕೆಲಸವೆಲ್ಲ ತಿಪ್ಪೆಯಲ್ಲೇ ಮುಗಿದಿರಬೇಕು. ಅದಕ್ಕೂ ಅದೇ ನಿಯಮದಲ್ಲಿ ಲೆಕ್ಕವಿದೆ: ಉದ್ದ ಸಾಲಾಗಿ ಪೇರಿಸಿದ ಗೊಬ್ಬರ 15 ದಿನ 55 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಾಗದಂತೆ ಕಾದಿರಬೇಕು, ಅಷ್ಟರೊಳಗೆ ಕನಿಷ್ಠ ಐದು ಸಲ ಮಗುಚಿರಬೇಕು. ಮಗುಚುವುದು ಏಕೆಂದರೆ ಅಂಚಿನ ತಣ್ಣನೆಯ ಸಗಣಿಗೂ ಹೊಟ್ಟೆಯೊಳಗಿನ ಬಿಸಿ ತಾಗಲಿ ಎಂದು. ನಮ್ಮಲ್ಲಿ ತಿಪ್ಪೆ ಮಗುಚುವವರು ಎಷ್ಟು ಮಂದಿ? ನಾನೂ ಮಗುಚಿದವನಲ್ಲ. ದಿನಾ ಮೇಲಿಂದ ಮೇಲೆ ಸುರಿಯುವುದಷ್ಟೇ ರೂಢಿ.

ಇಷ್ಟೆಲ್ಲ ಹೇಳಿದ್ದು ಮಣ್ಣಿಗೆ ಪರದೇಶಿಯಾದ ರೋಗಾಣುವಿನ ಕಥೆ. ಮಣ್ಣಿನಲ್ಲಿ ನಿದ್ದೆ ಹೊಡೆಯಲು ಕಲಿತವುಗಳ ಮಾತೇ ಬೇರೆ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ತರುವ ಬ್ಯಾಕ್ಟೀರಿಯಾ ಕಷ್ಟ ಬಂದಾಗ ಗಟ್ಟಿ ಕವಚದ ಬೀಜಾಣುವಾಗಿಬಿಡುತ್ತದೆ. ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಸಾಯುವುದೂ ಇಲ್ಲ. ಫ್ರಾನ್ಸಿನ ರೈತರು ಕುರಿಗಳು ಪದೇ ಪದೇ ಸಾಯುವ ಜಮೀನುಗಳನ್ನು ಶಾಪದ ಹೊಲ ಎನ್ನುತ್ತಿದ್ದರು. ಹೂತ ಹೆಣದ ಬೀಜಾಣುಗಳನ್ನು ಎರೆಹುಳುಗಳು ಮೇಲಕ್ಕೆ ತರುತ್ತವೆ ಎಂದು 1880ರ ಹೊತ್ತಿಗೆ ಲೂಯಿ ಪಾಶ್ಚರ್ ಹೇಳಿದ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಸ್ಕಾಟ್ಲೆಂಡಿನ ಗ್ರೂಯಿನಾರ್ಡ್ ಎಂಬ ಪುಟ್ಟ ದ್ವೀಪದಲ್ಲಿ ಕುರಿಗಳ ಮೇಲೆ ಆಂಥ್ರಾಕ್ಸ್ ಬಾಂಬ್ ಪರೀಕ್ಷಿಸಿದರು. 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡನ್ನು ಸಮುದ್ರದ ನೀರಿಗೆ ಬೆರೆಸಿ ನೆಲಕ್ಕೆ ಹರಿಸಿದ ಮೇಲಷ್ಟೇ ಅದು ಶುದ್ಧವಾದದ್ದು. ನಿಷೇಧದ ಫಲಕ ಕಿತ್ತದ್ದು 1990ರಲ್ಲಿ.

ವಿಚಿತ್ರವೆಂದರೆ ಈ ಬೀಜಾಣು ಹುಟ್ಟಲು ಗಾಳಿ ಬೇಕು. ಸತ್ತ ದನವನ್ನು ಕೊಯ್ಯದೆ ಬಿಟ್ಟರೆ ಒಳಗಿನ ಬ್ಯಾಕ್ಟೀರಿಯಾ ಕೊಳೆಯುವ ಭರಾಟೆಯಲ್ಲೇ ಕೆಲವು ದಿನಗಳಲ್ಲಿ ನಾಶವಾಗುತ್ತದೆ. ಚರ್ಮ ಸುಲಿದರೆ, ಹೊಟ್ಟೆ ಬಗೆದರೆ, ನೆಲಕ್ಕೆ ಬಿದ್ದ ರಕ್ತದಲ್ಲೆಲ್ಲ ಬೀಜಾಣು. ದನ ದಿಢೀರನೆ ಸತ್ತು ಮೂಗಿನಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಪಶುವೈದ್ಯರು ಹೆಣಕ್ಕೆ ಚಾಕು ತಾಗಿಸಬೇಡಿ ಎನ್ನುವುದು ಇದಕ್ಕೇ. ಆ ದನದ ಸಗಣಿ, ಅದು ಮಲಗಿದ್ದ ಹುಲ್ಲು ಸುಡಬೇಕಾದ ವಸ್ತುಗಳು, ತಿಪ್ಪೆಗೆ ಹಾಕುವಂಥವಲ್ಲ. ಬೆಳಗ್ಗೆ ಕೈ ಚುರುಕ್ಕೆನಿಸಿದ ಆ ಬಿಸಿ ಬೀಜಾಣುವಿಗೆ ನಾಟುವುದಿಲ್ಲ.