ಸೆಟ್ ಕೆಟ್ಟಿದೆಯೋ, ಚಾನೆಲ್ ನಮ್ಮದಲ್ಲವೋ? ವಾಕಿಟಾಕಿ ಮತ್ತು ಅದರ ಲೈಸೆನ್ಸಿನ ಹಿನ್ನೆಲೆ

ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಸಕ್ಕರೆ ಕಾರ್ಖಾನೆಗಳಲ್ಲಿ ವಾಕಿಟಾಕಿಗೆ ಪುರುಸೊತ್ತೇ ಇರುವುದಿಲ್ಲ. ಗೇಟಿನಿಂದ ಗಾಡಿ ತೂಗುವ ಕಾಟಾಕ್ಕೆ, ಕಾಟಾದಿಂದ ಯಾರ್ಡಿಗೆ ಮಾತು ಹೋಗುತ್ತಲೇ ಇರಬೇಕು. ಯಾವ ಟ್ರ್ಯಾಕ್ಟರ್ ಬಿಡಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ಮೊಬೈಲಿನಲ್ಲಿ ಒಬ್ಬೊಬ್ಬರಿಗೇ ಹೇಳುತ್ತಾ ಕುಳಿತರೆ ಗಾಡಿಗಳ ಸಾಲು ಹೆದ್ದಾರಿಗೆ ಬಂದಿರುತ್ತದೆ. ವಾಕಿಟಾಕಿಯ ಬಟನ್ ಒತ್ತಿದರೆ ಹತ್ತು ಜನಕ್ಕೂ ಒಂದೇ ಸಲ ಕೇಳಿಸುತ್ತದೆ. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಿಗೂ, ಬಾಗಲಕೋಟೆ ಕಡೆಯ ಸಿಮೆಂಟ್ ಕಾರ್ಖಾನೆಗಳಿಗೂ, ಬೆಳಗಾವಿಯ ಗಣೇಶ ವಿಸರ್ಜನೆಯಲ್ಲಿ ರಾತ್ರಿಯಿಡೀ ಓಡಾಡುವ ಮಂಡಳಿಯ ಹುಡುಗರಿಗೂ ಬೇಕಾಗಿರುವುದು ಇದೇ ಅನುಕೂಲ.

ಈ ಎಲ್ಲ ಕಡೆಯೂ ಕೇಳಿಬರುವ ದೂರು ಮಾತ್ರ ಒಂದೇ: 'ಸೆಟ್ ಕೆಟ್ಟಿದೆ'. ಹೊಸದರಲ್ಲಿ ಚೆನ್ನಾಗಿತ್ತು, ಈಗ ಕೇಳಿಸುತ್ತಿಲ್ಲ. ಮಧ್ಯೆ ಯಾರದೋ ದನಿ ಬರುತ್ತದೆ. ಹೊಸ ಸೆಟ್ ತಂದರೆ ಹಳೆಯದರ ಜೊತೆ ಮಾತಾಡುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಇಂಥ ದೂರುಗಳಲ್ಲಿ ಬಹಳಷ್ಟು ರಿಪೇರಿ ಅಂಗಡಿಗೆ ಹೋಗಬೇಕಾದವೇ ಅಲ್ಲ. ಸೆಟ್ ಯಾವ ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತಿದೆ, ಅಲ್ಲಿ ಮಾತಾಡಲು ನಮಗೆ ಹಕ್ಕಿದೆಯಾ ಎಂದು ಮೊದಲು ಕೇಳಬೇಕು. ಯಾಕೆ ಹಾಗೆ ಎಂದು ತಿಳಿಯಲು ಕಾನೂನು ಎಲ್ಲಿಂದ ಬಂತು ಎಂದು ನೋಡಬೇಕಾಗುತ್ತದೆ.

ಭಾರತದ ಟೆಲಿಗ್ರಾಫ್ ಕಾಯ್ದೆ ಬಂದಿದ್ದು 1885ರಲ್ಲಿ. ಆಗ ರೇಡಿಯೋ ಅನ್ನುವುದೇ ಇರಲಿಲ್ಲ. ಕಂಬ ನೆಟ್ಟು, ತಂತಿ ಎಳೆದು ಸುದ್ದಿ ಕಳಿಸುವ ಕಾಲಕ್ಕೆ ಮಾಡಿದ ಕಾನೂನು ಅದು. ಮುಂದೆ ತಂತಿ ಇಲ್ಲದ ಸಂಪರ್ಕವನ್ನೂ ಅದರೊಳಗೇ ತಂದರು. 1927ರಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮುಂಬೈ ಮತ್ತು ಕಲ್ಕತ್ತಾದಲ್ಲಿ ಪ್ರಸಾರ ಶುರು ಮಾಡಿತು. ಕೇಳುವವರು ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಎಷ್ಟೋ ಜನ ಕಟ್ಟದೆ ಸುಮ್ನೆ ಕೇಳುತ್ತಿದ್ದರು. 1930ರಲ್ಲಿ ಕಂಪನಿ ಮುಚ್ಚಿತು. ಹಳೇ ಕಾಯ್ದೆಯಲ್ಲಿ ಸೆಟ್ ಇಟ್ಟುಕೊಂಡಿದ್ದಕ್ಕೇ ಹಿಡಿಯಲು ಸರಿಯಾದ ದಾರಿ ಇರಲಿಲ್ಲ. ಹಾಗಾಗಿ 1933ರಲ್ಲಿ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದೇ ತಪ್ಪು ಎಂದು ಅದು ಹೇಳಿತು. ಬಳಸಬೇಕು ಅಂತಿಲ್ಲ, ಮನೆಯಲ್ಲಿದ್ದರೆ ಸಾಕು.

ಇಂದು ವಾಕಿಟಾಕಿ ಕೊಂಡವರಿಗೆ ಅಚ್ಚರಿ ಆಗುವುದು ಇದೇ ಮಾತಿಗೆ. 'ನಾವು ಇನ್ನೂ ಆನ್ ಕೂಡ ಮಾಡಿಲ್ಲ, ತಪ್ಪು ಹೇಗಾಯ್ತು?' ಅಂತಾರೆ. ಹಾಡು ಕೇಳುವವರಿಂದ ಶುಲ್ಕ ವಸೂಲಿ ಮಾಡಲು ಬರೆದ ನಿಯಮ ಹೀಗೆ ಮಾತಾಡುವ ಸೆಟ್ಟಿಗೂ ಬಂತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ಅನುಮತಿ ಇಲ್ಲದೆ ಟ್ರಾನ್ಸ್‌ಮಿಟರ್ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು ಎಂದು ಇದೇ ಕಾಯ್ದೆಗೆ ಸೇರಿಸಿದರು. ಕೇಳುವ ಸೆಟ್ ಬೇರೆ, ಕಳಿಸುವ ಸೆಟ್ ಬೇರೆ ಎಂಬ ಗೆರೆ ಅಲ್ಲಿ ಬಿತ್ತು. ಕೇಳುವ ರೇಡಿಯೋದ ಲೈಸೆನ್ಸ್ 1980ರ ದಶಕದ ಮಧ್ಯದಲ್ಲಿ ಹೋಯಿತು. ಪೋಸ್ಟ್ ಆಫೀಸಿಗೆ ಹೋಗಿ ಶುಲ್ಕ ಕಟ್ಟಿ, ರೇಡಿಯೋ ಪುಸ್ತಕಕ್ಕೆ ಸ್ಟ್ಯಾಂಪು ಹಚ್ಚಿಸಿಕೊಂಡು ಬಂದ ನೆನಪು ಹಿರಿಯರಿಗೆ ಇನ್ನೂ ಇದೆ. ಕಳಿಸುವ ಸೆಟ್ಟಿನ ಲೈಸೆನ್ಸ್ ಮಾತ್ರ ಉಳಿಯಿತು.

ಕೈಯಲ್ಲಿ ಹಿಡಿಯುವ ಸೆಟ್ ಬಂದಿದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಮುಂದೆ ಮೋಟೊರೋಲಾ ಎಂದು ಹೆಸರು ಬದಲಿಸಿಕೊಂಡ ಅಮೆರಿಕದ ಗಾಲ್ವಿನ್ ಕಂಪನಿ ಎರಡು ಕೆಜಿಗಿಂತ ಸ್ವಲ್ಪ ಜಾಸ್ತಿ ತೂಕದ ಕೈ ಸೆಟ್ ಮಾಡಿತು. ಆಮೇಲೆ ಬೆನ್ನಿಗೆ ಹೊರುವ, 16 ಕೆಜಿ ಆಸುಪಾಸಿನ ಎಫ್‌ಎಂ ಸೆಟ್ ತಂದಿತು. ಸೈನ್ಯದಿಂದ ಪೊಲೀಸರಿಗೆ, ರೈಲ್ವೆಗೆ, ಅರಣ್ಯ ಇಲಾಖೆಗೆ, ಕಾರ್ಖಾನೆಗಳಿಗೆ ಸೆಟ್ಟುಗಳು ಹಬ್ಬಿದವು. ಇಷ್ಟೆಲ್ಲ ಜನಕ್ಕೆ ಫ್ರೀಕ್ವೆನ್ಸಿ ಹಂಚುವ ಕೆಲಸ ನಮ್ಮ ದೇಶದಲ್ಲಿ 1952ರಲ್ಲಿ ಶುರುವಾದ ಡಬ್ಲ್ಯೂಪಿಸಿ ಎಂಬ ಕೇಂದ್ರ ಸರ್ಕಾರದ ವಿಭಾಗದ್ದು. ಘಟಪ್ರಭಾ ಕಾಲುವೆಯ ನೀರಿಗೆ ಪಾಳಿ ಇರುವ ಹಾಗೆ ಇದು. ನೀರು ಎಲ್ಲರದ್ದೇ, ಆದರೆ ಮೇಲಿನವನು ತೂಬು ತೆರೆದೇ ಇಟ್ಟರೆ ಕೆಳಗಿನ ಹೊಲಕ್ಕೆ ನೀರು ಬರುವುದಿಲ್ಲ. ಹೀರೋ ಕಪ್ ಕ್ರಿಕೆಟ್ ಪಂದ್ಯಗಳ ಪ್ರಸಾರದ ಜಗಳದಿಂದ ಹುಟ್ಟಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಇದನ್ನೇ ಹೇಳಿತು: ರೇಡಿಯೋ ತರಂಗಗಳು ಸಾರ್ವಜನಿಕ ಆಸ್ತಿ.

ಸಾರ್ವಜನಿಕ ಆಸ್ತಿಯಲ್ಲಿ ಸಾಮಾನ್ಯ ಜನರಿಗೂ ಒಂದು ಪಾಲು ಬೇಕಲ್ವಾ? ಅದು ಬರಲು ತುಂಬಾ ತಡವಾಯಿತು. 2005ರಲ್ಲಿ 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡ್‌ನಲ್ಲಿ 5 ವ್ಯಾಟ್‌ವರೆಗಿನ ಸೆಟ್ಟಿಗೆ ಲೈಸೆನ್ಸ್ ಬೇಡ ಎಂದರು. ಆದರೆ ಆ ಫ್ರೀಕ್ವೆನ್ಸಿಗೆ ಉದ್ದದ ಏರಿಯಲ್ ಬೇಕು. ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿಗೆ ಅದು ಒಗ್ಗುವುದಿಲ್ಲ, ಹಾಗಾಗಿ ಜನ ಬಳಸಲಿಲ್ಲ. 2018ರ ನಿಯಮಗಳಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿ, ಅಂದರೆ ಬ್ಯಾಂಡ್, ಮುಕ್ತವಾಯಿತು. ಯುರೋಪಿನಲ್ಲಿ ಎಷ್ಟೋ ವರ್ಷಗಳಿಂದ ಅಂಗಡಿಯವರು, ಚಾರಣಿಗರು ಬಳಸುತ್ತಿದ್ದ ಪಟ್ಟಿಯೇ ಇದು. ಶಕ್ತಿ ಅರ್ಧ ವ್ಯಾಟ್ ಮಾತ್ರ. ಲೈಸೆನ್ಸ್ ಬೇಡ, ಆದರೆ ಆ ಮಾಡೆಲ್ಲಿಗೆ ಡಬ್ಲ್ಯೂಪಿಸಿಯ ಉಪಕರಣ ಅನುಮೋದನೆ, ಅಂದರೆ ಇಟಿಎ, ಇರಲೇಬೇಕು.

ಗೊಂದಲ ಶುರುವಾಗಿದ್ದು ಇಲ್ಲಿಂದಲೇ. ಅದೇ ಹೊತ್ತಿಗೆ ಆನ್‌ಲೈನ್‌ನಲ್ಲಿ ಅಗ್ಗದ ಸೆಟ್ಟುಗಳು ಸಿಗತೊಡಗಿದವು. 136ರಿಂದ 174 (ಇದು ವಿಎಚ್‌ಎಫ್), 400ರಿಂದ 520 (ಇದು ಯುಎಚ್‌ಎಫ್) ಮೆಗಾಹರ್ಟ್ಸ್‌ವರೆಗೆ ಎಲ್ಲಿ ಬೇಕಾದರೂ ಮಾತಾಡುವ, 5 ವ್ಯಾಟ್‌ನ ಸೆಟ್ಟುಗಳು. ಪೆಟ್ಟಿಗೆಯ ಮೇಲೆ ಲೈಸೆನ್ಸಿನ ಸುದ್ದಿಯೇ ಇಲ್ಲ. ಆ ಪಟ್ಟಿಗಳಲ್ಲೇ ಪೊಲೀಸರು, ರೈಲ್ವೆ ಗಾರ್ಡ್‌ಗಳು, ಅಗ್ನಿಶಾಮಕದವರು ಇದ್ದಾರೆ. ಹಣ ಕಟ್ಟಿ ಫ್ರೀಕ್ವೆನ್ಸಿ ಪಡೆದ ಕಾರ್ಖಾನೆಗಳೂ ಇವೆ. ಅಮೆರಿಕದಿಂದ ನೆಂಟರು ತಂದುಕೊಟ್ಟ ಜೋಡಿ ಸೆಟ್ಟಿನದೂ ಇದೇ ಕಥೆ. ಅಲ್ಲಿ ಮುಕ್ತವಾಗಿರುವ 462 ಮತ್ತು 467 ಮೆಗಾಹರ್ಟ್ಸ್ ಇಲ್ಲಿ ಮುಕ್ತವಲ್ಲ.

2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತು. ತಿಂಗಳ ಕೊನೆಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ಸೆಟ್ ಯಾವ ಫ್ರೀಕ್ವೆನ್ಸಿಯದು, ಲೈಸೆನ್ಸ್ ಬೇಕೋ ಬೇಡವೋ, ಇಟಿಎ ಇದೆಯೋ ಎಂದು ಮಾರುವವರೇ ತೋರಿಸಬೇಕು ಎಂದಿತು. ಇದು ಸರಿಯಾದ ಕ್ರಮ. ಇಷ್ಟು ದಿನ ಕೊಂಡವನ ತಲೆಗೇ ಎಲ್ಲ ಭಾರ ಬೀಳುತ್ತಿತ್ತು. ಈ ನಡುವೆ 1885 ಮತ್ತು 1933ರ ಕಾಯ್ದೆಗಳ ಜಾಗಕ್ಕೆಂದು ದೂರಸಂಪರ್ಕ ಕಾಯ್ದೆ 2023 ಬಂದಿದೆ. 2024ರ ಜೂನ್ 26ರಿಂದ ಅದರ ಭಾಗಗಳು ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ರೇಡಿಯೋ ಉಪಕರಣ ಇಟ್ಟುಕೊಳ್ಳಲು ಅನುಮತಿ ಅಥವಾ ವಿನಾಯಿತಿ ಇರಬೇಕು ಎಂಬ ಮಾತು ಹೊಸ ಕಾಯ್ದೆಯಲ್ಲೂ ಇದೆ.

ಇನ್ನು ಸೆಟ್ಟಿನ ದೋಷಗಳಿಗೆ ಬರೋಣ.

'ಮಧ್ಯೆ ಯಾರದೋ ದನಿ ಬರುತ್ತದೆ' ಎಂಬುದು ದೋಷವೇ ಅಲ್ಲ. ಆ ಫ್ರೀಕ್ವೆನ್ಸಿಯಲ್ಲಿ ಇನ್ನೊಬ್ಬರಿದ್ದಾರೆ, ಅಷ್ಟೇ. ನೀವು ಅನುಮತಿ ಇಲ್ಲದ ಕಡೆ ಇದ್ದರೆ ಹೊರಗಿನವರು ನೀವೇ. ಕೂಡಲೇ ನಿಲ್ಲಿಸಬೇಕು. ಕೆಲವು ಅಂಗಡಿಯವರು ಇದಕ್ಕೆ 'ಪ್ರೈವಸಿ ಕೋಡ್' ಹಾಕಿಕೊಡುತ್ತಾರೆ. ಮಾತಿನ ಜೊತೆ 67ರಿಂದ 254 ಹರ್ಟ್ಸ್ ನಡುವಿನ ಒಂದು ಸಣ್ಣ ನಾದ ಹೋಗುತ್ತದೆ. ಅದೇ ನಾದ ಇದ್ದರೆ ಮಾತ್ರ ಎದುರಿನ ಸೆಟ್ ಸ್ಪೀಕರ್ ತೆರೆಯುತ್ತದೆ. ಹೆಸರು ಪ್ರೈವಸಿ ಆದರೂ ಇದರಲ್ಲಿ ಗುಟ್ಟೇನೂ ಇಲ್ಲ. ನಿಮ್ಮ ಮಾತು ಎಲ್ಲರಿಗೂ ಕೇಳಿಸುತ್ತದೆ. ಬೇರೆಯವರದು ನಿಮಗೆ ಕೇಳಿಸುವುದಿಲ್ಲ, ಅಷ್ಟೇ. ಅಂದರೆ ನೀವು ತೊಂದರೆ ಕೊಡುತ್ತಿದ್ದೀರಿ ಎನ್ನುವುದೂ ನಿಮಗೆ ತಿಳಿಯುವುದಿಲ್ಲ. ಅನುಮತಿ ಇಲ್ಲದ ಕಡೆ ಕೋಡ್ ಹಾಕಿ ಕೂರುವುದು ಇದೇ ಕಾರಣಕ್ಕೆ ಅಪಾಯ.

ಹೊಸ ಸೆಟ್ ಹಳೆಯದರ ಜೊತೆ ಮಾತಾಡದಿದ್ದರೂ ಮೊದಲು ನೋಡಬೇಕಾದ್ದು ಈ ಕೋಡನ್ನೇ. ಚಾನೆಲ್ ನಂಬರ್ ಒಂದೇ ಇದ್ದರೆ ಸಾಲದು. ಒಂದು ಕಂಪನಿಯ 3ನೇ ಚಾನೆಲ್ ಇನ್ನೊಂದು ಕಂಪನಿಯ 3ನೇ ಚಾನೆಲ್ ಆಗಬೇಕೆಂದಿಲ್ಲ. ಫ್ರೀಕ್ವೆನ್ಸಿ, ಕೋಡ್, ಚಾನೆಲ್ಲಿನ ಅಗಲ ಮೂರೂ ಹೊಂದಬೇಕು. ಒಂದು ಸೆಟ್ 12.5 ಕಿಲೋಹರ್ಟ್ಸ್, ಇನ್ನೊಂದು 25 ಕಿಲೋಹರ್ಟ್ಸ್ ಅಗಲಕ್ಕೆ ಹೊಂದಿಸಿದ್ದರೆ ಮಾತು ಕೇಳಿಸಿದರೂ ಒಂದರಲ್ಲಿ ತೀರಾ ಸಣ್ಣಗೆ, ಇನ್ನೊಂದರಲ್ಲಿ ಒಡೆದು ಬರುತ್ತದೆ. ಜನ ಅದನ್ನು ಮೈಕ್ ಹಾಳಾಗಿದೆ ಎಂದುಕೊಳ್ಳುತ್ತಾರೆ. ಪರೀಕ್ಷೆ ಸುಲಭ: ಒಂದು ಸೆಟ್ಟಿನ ಬಟನ್ ಒತ್ತಿದಾಗ ಇನ್ನೊಂದರ ಹಸಿರು ದೀಪ ಹತ್ತಿದರೂ ದನಿ ಬರದಿದ್ದರೆ ಕೋಡ್ ತಪ್ಪಿದೆ. ದೀಪವೇ ಹತ್ತದಿದ್ದರೆ ಫ್ರೀಕ್ವೆನ್ಸಿ ಬೇರೆ ಇರಬಹುದು, ಇಲ್ಲವೇ ಸಿಗ್ನಲ್ ತಲುಪುತ್ತಿಲ್ಲ. ಎರಡು ಸೆಟ್ಟನ್ನು ಪಕ್ಕಪಕ್ಕ ಇಟ್ಟು ನೋಡಬೇಡಿ. ಅಷ್ಟು ಹತ್ತಿರದಲ್ಲಿ ಕೂಗು, ಒಡಕು ದನಿ ಬರುವುದು ಸಹಜ. ಇಪ್ಪತ್ತು ಮೂವತ್ತು ಹೆಜ್ಜೆ ದೂರ ನಿಲ್ಲಿ.

ದೂರ ಹೋಗುತ್ತಿಲ್ಲ ಎಂಬ ದೂರಿಗೆ ಜಾಸ್ತಿ ವ್ಯಾಟಿನ ಸೆಟ್ ತರುವುದು ನಮ್ಮಲ್ಲಿ ರೂಢಿ. ಇದು ಹಣ ಕಳೆಯುವ ದಾರಿ. ಅರ್ಧ ವ್ಯಾಟಿನಿಂದ 5 ವ್ಯಾಟಿಗೆ ಹೋದರೆ ಶಕ್ತಿ ಹತ್ತು ಪಟ್ಟು ಆಗುತ್ತದೆ. ನೆಲದ ಮೇಲೆ ನಿಂತು ಮಾತಾಡುವಾಗ ದೂರ ಎರಡು ಪಟ್ಟು ಆದರೆ ಅದೇ ದೊಡ್ಡದು. ಈ ತರಂಗಗಳು ಹೆಚ್ಚುಕಡಿಮೆ ಕಣ್ಣಿಗೆ ಕಾಣುವ ದಾರಿಯಲ್ಲೇ ಹೋಗುತ್ತವೆ. ವಿಜಯಪುರದ ಬಯಲಿನಲ್ಲಿ ನಿಂತ ಇಬ್ಬರ ನಡುವೆ ಭೂಮಿಯ ಬಾಗು ಅಡ್ಡ ಬರುವುದು ಲೆಕ್ಕದ ಪ್ರಕಾರ ಸುಮಾರು 10 ಕಿಲೋಮೀಟರ್ ಆದ ಮೇಲೆ. ಅರ್ಧ ವ್ಯಾಟಿನ ಸೆಟ್ ನಿಜವಾಗಿ ಕೆಲಸ ಮಾಡುವುದು ಬಯಲಲ್ಲಿ ಒಂದೆರಡು ಕಿಲೋಮೀಟರ್. ಖಾನಾಪುರದ ಕಾಡು, ಗುಡ್ಡದ ಕಡೆ ಅದೂ ಸಿಗುವುದಿಲ್ಲ. ಆಳೆತ್ತರ ಮೀರಿ ಬೆಳೆದ ಹಸಿ ಕಬ್ಬು ಯುಎಚ್‌ಎಫ್ ತರಂಗವನ್ನು ಚೆನ್ನಾಗಿ ಹೀರುತ್ತದೆ. ಹಂಗಾಮಿನ ಶುರುವಿನಲ್ಲಿ ಹೊಲದಿಂದ ಕೇಳಿಸದ ಸೆಟ್ ಕಟಾವಾದ ಮೇಲೆ ಕೇಳಿಸಿದರೆ ಅದು ತಾನಾಗೇ ರಿಪೇರಿ ಆಗಿದ್ದಲ್ಲ.

ವ್ಯಾಟಿಗಿಂತ ಎತ್ತರ ಮುಖ್ಯ. ಟ್ರೇಲರ್ ಮೇಲೆ ಹತ್ತಿ ಮಾತಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಸೊಂಟದಲ್ಲಿ ಸಿಕ್ಕಿಸಿಕೊಂಡು ವೈರಿನ ಮೈಕಿನಲ್ಲಿ ಮಾತಾಡಿದರೆ ಮೈಯೇ ತರಂಗಕ್ಕೆ ಅಡ್ಡ ಬರುತ್ತದೆ. ಸೆಟ್ಟನ್ನು ಮುಖದ ಹತ್ತಿರ, ಏರಿಯಲ್ ನೆಟ್ಟಗೆ ಇರುವಂತೆ ಹಿಡಿಯಬೇಕು. ಬಟನ್ ಒತ್ತಿದ ಕೂಡಲೇ ಮಾತು ಶುರು ಮಾಡಿದರೆ ಮೊದಲ ಪದ ನುಂಗಿಹೋಗುತ್ತದೆ. ಒಂದು ಕ್ಷಣ ತಡೆದು ಮಾತಾಡಬೇಕು.

ಏರಿಯಲ್ ಬದಲಿಸುವಾಗ ಅದು ಯಾವ ಬ್ಯಾಂಡಿನದು ಎಂದು ನೋಡಿ. ವಿಎಚ್‌ಎಫ್ ಸೆಟ್ಟಿನದು ತಿರುಪಿಗೆ ಕೂತರೂ ಯುಎಚ್‌ಎಫ್ ಸೆಟ್ಟಿಗೆ ಹೊಂದುವುದಿಲ್ಲ. ಶಕ್ತಿ ಹೊರಗೆ ಹೋಗದೆ ಸೆಟ್ಟಿಗೇ ವಾಪಸ್ ಬರುತ್ತದೆ. ಏರಿಯಲ್ ಇಲ್ಲದೆ ಬಟನ್ ಒತ್ತಿದರೆ ಕಳಿಸುವ ಭಾಗದ ಟ್ರಾನ್ಸಿಸ್ಟರ್ ಸುಡಬಹುದು. ಬ್ಯಾಟರಿಯ ಹಿತ್ತಾಳೆ ಬಿಲ್ಲೆಗಳ ಮೇಲೆ ಸಿಮೆಂಟ್ ದೂಳು, ಕಬ್ಬಿನ ಅಂಟು ಕೂರುತ್ತದೆ. ಒಣ ಬಟ್ಟೆಯಲ್ಲಿ, ಬೇಕಿದ್ದರೆ ಸ್ವಲ್ಪ ಸ್ಪಿರಿಟ್ ಹಚ್ಚಿ ಒರೆಸಿ. ಕೇಳುವಾಗ ಸರಿಯಿದ್ದು ಬಟನ್ ಒತ್ತಿದ ಕೂಡಲೇ ಆಫ್ ಆಗುವ ಸೆಟ್ಟಿನಲ್ಲಿ ಸಾಮಾನ್ಯವಾಗಿ ಬ್ಯಾಟರಿ ಸೊರಗಿರುತ್ತದೆ. ಕಳಿಸುವಾಗಲೇ ಜಾಸ್ತಿ ಕರೆಂಟ್ ಬೇಕು. ಇಡೀ ಗುಂಪಿನಲ್ಲಿ ಯಾರಿಗೂ ಮಾತಾಡಲು ಆಗುತ್ತಿಲ್ಲವೆಂದರೆ ಯಾರದೋ ಸೆಟ್ಟಿನ ಬಟನ್ ಒತ್ತಿಹಿಡಿದು ನಿಂತಿದೆ. ಕೆಂಪು ದೀಪ ಉರಿಯುತ್ತಿರುವ ಸೆಟ್ ಹುಡುಕಿ.

ಇಷ್ಟು ನೋಡಿದ ಮೇಲೂ ಅರ್ಧ ವ್ಯಾಟ್ ನಿಮ್ಮ ಕೆಲಸಕ್ಕೆ ಸಾಲದು ಅನ್ನಿಸಿದರೆ ಲೈಸೆನ್ಸಿನ ದಾರಿ ಹಿಡಿಯಬೇಕು. ಸ್ವಂತ ಬಳಕೆಯ ಜಾಲಕ್ಕೆ ದೂರಸಂಪರ್ಕ ಇಲಾಖೆಯ ಸರಳ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಫ್ರೀಕ್ವೆನ್ಸಿಯನ್ನು ಡಬ್ಲ್ಯೂಪಿಸಿ ಕೊಡುತ್ತದೆ. ಎಷ್ಟು ದೂರದ ವ್ಯಾಪ್ತಿ, ಚಾನೆಲ್ ಎಷ್ಟು ಅಗಲ, ಎಷ್ಟು ಚಾನೆಲ್ ಎಂದು ನೋಡಿ ವರ್ಷ ವರ್ಷ ರಾಯಲ್ಟಿ ಕಟ್ಟಬೇಕು. ಕಂಬ ನಿಲ್ಲಿಸಿ ಎತ್ತರದ ಏರಿಯಲ್ ಹಾಕುವುದಾದರೆ ಅದಕ್ಕೆ ಬೇರೆ ಅನುಮತಿ. ದೊಡ್ಡ ಕಾರ್ಖಾನೆಗೆ ಇದು ಭಾರವಲ್ಲ. ಸಣ್ಣ ಕ್ವಾರಿಗೆ, ಹತ್ತು ಹದಿನೈದು ಜನರ ಊರಿನ ಸಮಿತಿಗೆ ಕಷ್ಟ. ಅವರಿಗೆ 446 ಮೆಗಾಹರ್ಟ್ಸ್ ಸೆಟ್ಟೇ ಸರಿ, ಎತ್ತರದ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ ಸುದ್ದಿ ದಾಟಿಸಿದರೆ ಆಯಿತು.

ಹವ್ಯಾಸಕ್ಕೆ ರೇಡಿಯೋ ಕಲಿಯಬೇಕು ಅನ್ನುವ ಹುಡುಗರಿಗೆ ಹ್ಯಾಮ್ ಪರೀಕ್ಷೆ ಇದೆ. 12 ವರ್ಷ ತುಂಬಿದವರು ಬರೆಯಬಹುದು. ಪಾಸಾದವರಿಗೆ ವಿಯು2 ಅಥವಾ ವಿಯು3 ಎಂದು ಶುರುವಾಗುವ ಕರೆ ಸಂಕೇತ ಸಿಗುತ್ತದೆ. ಆದರೆ ಹ್ಯಾಮ್ ಸೆಟ್ಟಿನಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ, ಹಾಗಾಗಿ ಕಾಟಾದ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳಬಾರದು. ಜಾತ್ರೆಗೆ, ಮೆರವಣಿಗೆಗೆ ನಾಲ್ಕು ದಿನದ ಮಟ್ಟಿಗೆ ಬಾಡಿಗೆಗೆ ಸೆಟ್ ತರುವವರು ಕೊಡುವವರ ಲೈಸೆನ್ಸಿನ ಪ್ರತಿ ಕೇಳಿ ಇಟ್ಟುಕೊಳ್ಳಿ. ಅದರಲ್ಲಿ ಬರೆದ ಫ್ರೀಕ್ವೆನ್ಸಿಯೇ ಸೆಟ್ಟಿನಲ್ಲೂ ಇದೆಯಾ, ಅದನ್ನು ನಿಮ್ಮ ಊರಿನಲ್ಲಿ ಬಳಸಲು ಅನುಮತಿ ಇದೆಯಾ ಎಂದು ಅಲ್ಲೇ ನೋಡಿಕೊಳ್ಳಿ.