ಫೋನ್ ಆನ್ ಇದ್ದರೂ ‘ಸ್ವಿಚ್ ಆಫ್’ ಎನ್ನುವುದೇಕೆ?

ಪ್ರಶ್ನೆ: ನಮ್ಮ ಯಜಮಾನರು ಹೊಳೆಬದಿ ತೋಟಕ್ಕೆ ಇಳಿದರೆ ಫೋನು ಸಿಗುವುದಿಲ್ಲ. ಬೆಳಗ್ಗೆ ಮಾಡಿದರೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎನ್ನುತ್ತದೆ, ಮಧ್ಯಾಹ್ನ ‘ಸ್ವಿಚ್ ಆಫ್ ಮಾಡಿದ್ದಾರೆ’ ಎನ್ನುತ್ತದೆ. ಆಫ್ ಮಾಡಲೇ ಇಲ್ಲ ಅಂತಾರೆ ಇವರು. ಯಾರನ್ನು ನಂಬುವುದು?
– ಮಾದಾಪುರದ ಓದುಗರು

ಯಜಮಾನರನ್ನೇ ನಂಬಿ. ಆ ರೆಕಾರ್ಡಿಂಗ್ ಹೇಳುವುದು ಬರೀ ಅಂದಾಜು.

ನಂಬರ್ ಒತ್ತಿದ ಮೇಲೆ ರಿಂಗ್ ಕೇಳಿಸುವ ತನಕ ಸ್ವಲ್ಪ ಹೊತ್ತು ಫೋನು ಸುಮ್ಮನಿರುತ್ತದಲ್ಲ, ಕರೆಗೆ ದಾರಿ ಹುಡುಕುವ ಕೆಲಸ ನಡೆಯುವುದು ಆಗಲೇ. ಇದೇ ಸಿಗ್ನಲಿಂಗ್. ಹಿಂದೆ ಮಾತೂ ಈ ಸೂಚನೆಗಳೂ ಒಂದೇ ಲೈನಿನಲ್ಲಿ ಹೋಗುತ್ತಿದ್ದವು. ಅಮೆರಿಕದ ಕಿಲಾಡಿಗಳು 2600 ಹರ್ಟ್ಸ್‌ನ ಶಿಳ್ಳೆ ಕೇಳಿಸಿ ಎಕ್ಸ್‌ಚೇಂಜನ್ನೇ ಯಾಮಾರಿಸಿ ಪುಕ್ಕಟೆ ಮಾತಾಡುತ್ತಿದ್ದರು! 1980ರಲ್ಲಿ ಅಂತಾರಾಷ್ಟ್ರೀಯ ಮಾನದಂಡವಾದ ‘ಸಿಗ್ನಲಿಂಗ್ ಸಿಸ್ಟಮ್ 7’ ಅಥವಾ ಎಸ್‌ಎಸ್‌7ನಂಥ ಪದ್ಧತಿಗಳು ಬಂದ ಮೇಲೆ ಸೂಚನೆಗಳಿಗೆ ಪ್ರತ್ಯೇಕ ದಾರಿಯಾಯಿತು.

ನೀವು ಕರೆ ಮಾಡಿದಾಗ ಎಕ್ಸ್‌ಚೇಂಜು ಮೊದಲು ಯಜಮಾನರ ಮೊಬೈಲ್ ಕಂಪನಿಯ ದಾಖಲೆಯಲ್ಲಿ ಆ ಸಿಮ್ ಕೊನೆಗೆ ಎಲ್ಲಿತ್ತೆಂದು ವಿಚಾರಿಸುತ್ತದೆ. ಆ ಪ್ರದೇಶದ ಟವರುಗಳೆಲ್ಲ ಫೋನನ್ನು ಕೂಗುತ್ತವೆ. ಗುಡ್ಡದ ಮರೆಯಲ್ಲಿರುವ ಫೋನು ಓಗೊಡದಿದ್ದರೆ ‘ವ್ಯಾಪ್ತಿಯ ಹೊರಗೆ’.

ಗುಂಡಿ ಒತ್ತಿ ಆಫ್ ಮಾಡಿದರೆ ಕತೆ ಬೇರೆ. ಆರುವ ಮೊದಲು ಫೋನೇ ‘ನಾನು ಹೊರಟೆ’ ಎಂದು ನೆಟ್‌ವರ್ಕಿಗೆ ತಿಳಿಸುತ್ತದೆ, ಆಮೇಲೆ ಅದನ್ನು ಕೂಗುವ ಗೋಜಿಲ್ಲ. ಆದರೆ ಜೇಬಿನಲ್ಲಿ ಸುಮ್ಮನಿರುವ ಫೋನು ಕೂಡ ಕಂಪನಿ ಗೊತ್ತುಮಾಡಿದ ಅವಧಿಗೊಮ್ಮೆ ಹಾಜರಿ ಹಾಕಬೇಕು. ಹೊಳೆಬದಿಯಲ್ಲಿ ಸಿಗ್ನಲ್ ಇಲ್ಲದೆ ಹಾಜರಿ ತಪ್ಪಿತೋ, ನೆಟ್‌ವರ್ಕು ಅದನ್ನೂ ಆಫ್ ಆದವುಗಳ ಸಾಲಿಗೆ ಸೇರಿಸಿಬಿಡುತ್ತದೆ. ನಿಮ್ಮ ಮಧ್ಯಾಹ್ನದ ‘ಸ್ವಿಚ್ ಆಫ್’ ಬಹುಶಃ ಇದೇ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಇಳಿದರೆ ಊರಿಗೆ ಊರೇ ಹೀಗೆ ಆಫ್ ಆಗಬಹುದು.

ತಮಾಷೆ ಇರುವುದು ಇಲ್ಲಿ. ಕರೆ ಯಾಕೆ ಸಿಗಲಿಲ್ಲ ಎಂಬುದನ್ನು ಎಕ್ಸ್‌ಚೇಂಜುಗಳು ಒಂದಕ್ಕೊಂದು ಅಂಕಿಯಲ್ಲಿ ಹೇಳಿಕೊಳ್ಳುತ್ತವೆ. 17 ಎಂದರೆ ಎಂಗೇಜ್. 20 ಎಂದರೆ ಚಂದಾದಾರ ಸಿಗುತ್ತಿಲ್ಲ: ಫೋನು ಆಫ್ ಆಗಿದ್ದರೂ 20, ಸಿಗ್ನಲ್ ಇಲ್ಲದಿದ್ದರೂ 20. ಅದಕ್ಕೆ ಯಾವ ರೆಕಾರ್ಡಿಂಗ್ ಹಾಕಬೇಕೆಂಬುದು ಕಂಪನಿಯ ಮರ್ಜಿ.

ಊಟಕ್ಕೆ ಕರೆಯಬೇಕಿದ್ದರೆ ಎಸ್ಸೆಮ್ಮೆಸ್ ಕಳಿಸಿಡಿ. ಅದು ಕಂಪನಿಯ ಕೇಂದ್ರದಲ್ಲಿ ಕಾದಿದ್ದು, ಯಜಮಾನರು ದಿಬ್ಬ ಹತ್ತಿ ಫೋನು ಟವರಿಗೆ ಸಿಕ್ಕ ಮೇಲೆ ತಲುಪುತ್ತದೆ. ಕನ್ನಡದಲ್ಲಾದರೆ ಒಂದು ಸಂದೇಶಕ್ಕೆ 70 ಅಕ್ಷರ, ಗುಣಿತದ ಚಿಹ್ನೆಗಳೂ ಆ ಲೆಕ್ಕದಲ್ಲೇ, ಚುಟುಕಾಗಿ ಬರೆಯಿರಿ.