ಪದ ಪರಿಚಯ: ಡಿಸಿಸಿ, ಪುಟ್ಟ ಮಾದರಿ ರೈಲುಮಾರ್ಗದ ಡಿಜಿಟಲ್ ನಿಯಂತ್ರಣ

ಶಿವಮೊಗ್ಗದಲ್ಲಿ ಡಿಸಿಸಿ ಎಂದರೆ ಮೊದಲು ನೆನಪಾಗುವುದು ಸಹಕಾರಿ ಬ್ಯಾಂಕು. ಮಾದರಿ ರೈಲಿನ ಹವ್ಯಾಸಿಗಳಿಗೆ ಮಾತ್ರ ಅದು ಡಿಜಿಟಲ್ ಕಮಾಂಡ್ ಕಂಟ್ರೋಲ್. ಒಂದೇ ಜೋಡಿ ಹಳಿಯ ಮೇಲಿರುವ ಹಲವು ಎಂಜಿನ್‌ಗಳಿಗೆ ಆ ಹಳಿಯ ಮೂಲಕವೇ ವಿದ್ಯುತ್ತನ್ನೂ, ಒಂದೊಂದಕ್ಕೂ ಪ್ರತ್ಯೇಕವಾದ ಆದೇಶವನ್ನೂ ಕಳುಹಿಸುವ ವ್ಯವಸ್ಥೆಗೆ ಈ ಹೆಸರು. ಜರ್ಮನಿಯ ಲೆನ್ಜ್ ಸಂಸ್ಥೆ 1980ರ ದಶಕದ ಕೊನೆಯಲ್ಲಿ ರೂಪಿಸಿದ ವಿಧಾನವನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದ ಮೊದಲರ್ಧದಲ್ಲಿ ಇದನ್ನು ಮಾನಕವಾಗಿ ಅಂಗೀಕರಿಸಿತು. ಈ ಮಾನಕ ಎಲ್ಲಿಯವರೆಗೆ ಅನ್ವಯಿಸುತ್ತದೆ, ಎಲ್ಲಿಂದಾಚೆಗೆ ಅನ್ವಯಿಸುವುದಿಲ್ಲ ಎಂಬುದು ಸ್ಪಷ್ಟವಾದರೆ, ಪುಟ್ಟ ಲೇಔಟಿಗೆ, ಅಂದರೆ ಹಲಗೆಯ ಮೇಲೆ ಕಟ್ಟಿದ ಮಾದರಿ ರೈಲುಮಾರ್ಗಕ್ಕೆ, ಯಾವ ಸಾಧನ ಕೊಳ್ಳಬೇಕು ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆ.

ತಾಳಗುಪ್ಪ ನಿಲ್ದಾಣವನ್ನು 1:87 ಪ್ರಮಾಣದಲ್ಲಿ, ಅಂದರೆ ಎಚ್‌ಒ ಅಳತೆಯಲ್ಲಿ, ಒಂದು ಉದ್ದನೆಯ ಹಲಗೆಯ ಮೇಲೆ ಕಟ್ಟಿದ್ದೇವೆಂದು ಇಟ್ಟುಕೊಳ್ಳೋಣ. ಅದು ಮಾರ್ಗದ ಕೊನೆಯ ನಿಲ್ದಾಣವಾದ್ದರಿಂದ, ಶಿವಮೊಗ್ಗದ ಕಡೆಯಿಂದ ಬಂದ ಎಂಜಿನ್ ಬೋಗಿಗಳಿಂದ ಕಳಚಿಕೊಂಡು, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ರೈಲಿನ ಮತ್ತೊಂದು ತುದಿಗೆ ಕೂಡಿಕೊಳ್ಳಬೇಕು. ಹಳೆಯ ಡಿಸಿ ವಿಧಾನದಲ್ಲಿ ಹಳಿಗೆ ಸೊನ್ನೆಯಿಂದ ಸುಮಾರು 12 ವೋಲ್ಟಿನವರೆಗೆ ನೇರ ವಿದ್ಯುತ್ ಕೊಡುತ್ತಾರೆ. ವೋಲ್ಟೇಜ್ ಏರಿದಂತೆ ವೇಗ ಏರುತ್ತದೆ, ಧನ-ಋಣ ಅದಲುಬದಲಾದರೆ ದಿಕ್ಕು ಬದಲಾಗುತ್ತದೆ. ಆ ಹಳಿಯ ಮೇಲೆ ಇನ್ನೊಂದು ಎಂಜಿನ್ ನಿಂತಿದ್ದರೆ ಅದೂ ಜೊತೆಗೇ ಹೊರಟುಬಿಡುತ್ತದೆ. ಅದನ್ನು ತಡೆಯಲು ಹಳಿಯನ್ನು ಅಲ್ಲಲ್ಲಿ ಕತ್ತರಿಸಿ, ಪ್ರತಿ ತುಂಡಿಗೂ ಒಂದು ಸ್ವಿಚ್ಚು ಇಡಬೇಕಾಗುತ್ತದೆ. ಒಂದೇ ಎಂಜಿನ್ ಇಟ್ಟುಕೊಂಡು ಒಬ್ಬರೇ ಓಡಿಸುವವರಿಗೆ ಡಿಸಿಯೇ ಸಾಕು, ಡಿಸಿಸಿಗೆ ಹಣ ಸುರಿಯುವ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರ ಬೆಲೆ ತಿಳಿಯುವುದು ಎರಡನೆಯ ಎಂಜಿನ್ ಹಳಿಗಿಳಿದ ದಿನ.

ಡಿಸಿಸಿಯಲ್ಲಿ ಹಳಿಯ ವೋಲ್ಟೇಜ್ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಎಂಜಿನ್ ನಿಂತಿದ್ದಾಗಲೂ ಎಚ್‌ಒ ಹಳಿಯಲ್ಲಿ ಸುಮಾರು 14-15 ವೋಲ್ಟ್ ಇದ್ದೇ ಇರುತ್ತದೆ. ಬದಲಾಗುವುದು ಎರಡು ಹಳಿಗಳ ನಡುವಿನ ಧನ-ಋಣ ಮಾತ್ರ, ಅದೂ ಬಿಡುವಿಲ್ಲದೆ. ಸಂದೇಶವಿರುವುದು ಈ ಪಲ್ಲಟದ ವೇಗದಲ್ಲೇ. ಒಂದು ಪಲ್ಲಟದ ಎರಡು ಅರ್ಧಗಳೂ (ಧನ ಒಮ್ಮೆ, ಋಣ ಒಮ್ಮೆ) ತಲಾ 58 ಮೈಕ್ರೋಸೆಕೆಂಡ್ ಆಸುಪಾಸಿನಲ್ಲಿ ಮುಗಿದರೆ ಅದು ‘ಒಂದು’. ತಲಾ 100 ಮೈಕ್ರೋಸೆಕೆಂಡ್ ಅಥವಾ ಹೆಚ್ಚು ತೆಗೆದುಕೊಂಡರೆ ಅದು ‘ಸೊನ್ನೆ’. ಸಾಲಾಗಿ ಕನಿಷ್ಠ 14 ‘ಒಂದು’ಗಳು ಬಂದರೆ ಹೊಸ ಸಂದೇಶ ಶುರುವಾಗಲಿದೆ ಎಂದರ್ಥ, ಅನಂತರ ಎಂಜಿನ್ನಿನ ವಿಳಾಸ, ಆಮೇಲೆ ಆದೇಶ, ಕೊನೆಯಲ್ಲಿ ಅವೆರಡನ್ನೂ ತಾಳೆ ನೋಡುವ ಒಂದು ಬೈಟ್. ಎಂಜಿನ್ನಿನೊಳಗೆ ಕೂತಿರುವ ಡಿಕೋಡರ್ ಎಂಬ ಪುಟ್ಟ ಫಲಕ ಪ್ರತಿ ಸಂದೇಶವನ್ನೂ ಓದುತ್ತದೆ. ವಿಳಾಸ ತನ್ನದಲ್ಲದಿದ್ದರೆ ಸುಮ್ಮನಿರುತ್ತದೆ, ತಾಳೆ ತಪ್ಪಿದರೆ ಅಂಥ ಸಂದೇಶವನ್ನು ಬಿಟ್ಟುಬಿಡುತ್ತದೆ. ಸೆಕೆಂಡಿಗೆ ನೂರಕ್ಕೂ ಹೆಚ್ಚು ಸಂದೇಶಗಳು ಹೋಗುವುದರಿಂದ, ಕೊಳೆಯಾದ ಹಳಿಯ ಮೇಲೆ ಒಂದೆರಡು ಕಳೆದುಹೋದರೂ ಅದೇ ಆದೇಶ ಕ್ಷಣದಲ್ಲಿ ಮತ್ತೆ ಬರುತ್ತದೆ.

ಮಾನಕವು ಮುಖ್ಯವಾಗಿ ಕಟ್ಟಿಹಾಕಿರುವುದು ಇದನ್ನು, ಅಂದರೆ ಹಳಿಯಲ್ಲಿ ಹರಿಯುವ ಸಂಕೇತವನ್ನು. ಹೀಗಾಗಿ ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ, ಸಂದೇಶ ಹೊರಡಿಸುವ ಕಮಾಂಡ್ ಸ್ಟೇಷನ್‌ನ ಮಾತನ್ನು ತಕರಾರಿಲ್ಲದೆ ಕೇಳುತ್ತದೆ. ಕಮಾಂಡ್ ಸ್ಟೇಷನ್‌ಗೂ ನಮ್ಮ ಕೈಯಲ್ಲಿರುವ, ವೇಗ ಹೊಂದಿಸುವ ಥ್ರಾಟಲ್‌ಗೂ ನಡುವಿನ ಸಂಪರ್ಕಕ್ಕೆ ಮಾತ್ರ ಇಂಥ ಒಮ್ಮತವಿಲ್ಲ: ಡಿಜಿಟ್ರ್ಯಾಕ್ಸ್‌ನದು ಲೋಕೋನೆಟ್, ಲೆನ್ಜ್‌ನದು ಎಕ್ಸ್‌ಪ್ರೆಸ್‌ನೆಟ್, ಎನ್‌ಸಿಇಯದು ಅದರದೇ ಕ್ಯಾಬ್ ಬಸ್. ವ್ಯವಸ್ಥೆಯನ್ನು ಆರಿಸುವುದು ಎಂದರೆ ನಿಜದಲ್ಲಿ ಥ್ರಾಟಲ್ ಕಡೆಯ ಈ ಅರ್ಧವನ್ನು ಆರಿಸುವುದು. ನಾಳೆ ಎರಡನೆಯ ಥ್ರಾಟಲ್ ಬೇಕಾದಾಗ ಯಾವ ಅಂಗಡಿಯ ಬಾಗಿಲು ತಟ್ಟಬೇಕೆಂಬುದು ಇವತ್ತೇ ನಿರ್ಧಾರವಾಗುತ್ತದೆ. ಎಂಜಿನ್‌ಗಳು ಯಾವ ಕಂಪನಿಯವು ಎಂದು ತಲೆಕೆಡಿಸಿಕೊಳ್ಳುವವರು ಚಿಂತಿಸಬೇಕಾದ ಜಾಗ ಇದು.

ಥ್ರಾಟಲನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವ ಅವಕಾಶ ಮಲೆನಾಡಿನಲ್ಲಿ ಅಪರೂಪ. ಆದ್ದರಿಂದ ಕೆಲವು ವ್ಯತ್ಯಾಸಗಳನ್ನು ಮೊದಲೇ ತಿಳಿದಿರುವುದು ಮೇಲು. ಡಿಜಿಟ್ರ್ಯಾಕ್ಸ್ ಜೆಫಿರ್‌ನಲ್ಲಿ ಕಮಾಂಡ್ ಸ್ಟೇಷನ್, ಸಂಕೇತಕ್ಕೆ ಬಲ ತುಂಬುವ ಬೂಸ್ಟರ್, ವೇಗ ಬದಲಿಸುವ ಗುಬ್ಬಿ (ನಾಬ್) ಎಲ್ಲವೂ ಮೇಜಿನ ಮೇಲೆ ಕೂರುವ ಒಂದೇ ಪೆಟ್ಟಿಗೆಯಲ್ಲಿವೆ. ಎನ್‌ಸಿಇ ಪವರ್ ಕ್ಯಾಬ್‌ನಲ್ಲಿ ಇವೆಲ್ಲ ಕೈಯಲ್ಲಿ ಹಿಡಿಯುವ ಸಾಧನದೊಳಗೇ ಅಡಗಿವೆ; ಆದರೆ ಅದರ ತಂತಿ ಕಿತ್ತರೆ ಹಳಿಯ ವಿದ್ಯುತ್ತೇ ನಿಲ್ಲುತ್ತದೆ. ರೋಕೋದ ಜೆಡ್21 ಮೊಬೈಲ್ ಅಥವಾ ಟ್ಯಾಬ್ಲೆಟ್ಟನ್ನೇ ಥ್ರಾಟಲ್ ಮಾಡಿಕೊಳ್ಳುತ್ತದೆ. ಎಂಜಿನ್ ಸುತ್ತುಹಾಕಿಸುವಾಗ ಕಣ್ಣು ಹಳಿಯ ಮೇಲೆಯೇ ಇರಬೇಕಾದ್ದರಿಂದ, ಗಾಜಿನ ಪರದೆಗಿಂತ ಬೆರಳಿಗೆ ಸಿಗುವ ಗುಬ್ಬಿಯೇ ವಾಸಿ ಎಂಬುದು ನನ್ನ ಒಲವು. ಮಕ್ಕಳು ಇದನ್ನು ಒಪ್ಪಲಿಕ್ಕಿಲ್ಲ.

ಇನ್ನೂ ಮುಖ್ಯವಾದದ್ದು ಸಿವಿಗಳನ್ನು ಓದಿ ಬರೆಯುವ ಶಕ್ತಿ. ಸಿವಿ ಎಂದರೆ ಡಿಕೋಡರ್ ತನ್ನೊಳಗೆ ನೆನಪಿಟ್ಟುಕೊಳ್ಳುವ ಸಂಖ್ಯೆಗಳು. ಸಿವಿ 1ರಲ್ಲಿ ವಿಳಾಸವಿರುತ್ತದೆ. ಹೊಸ ಎಂಜಿನ್‌ಗಳೆಲ್ಲ ಸಾಮಾನ್ಯವಾಗಿ 3 ಎಂಬ ವಿಳಾಸದೊಂದಿಗೇ ಬರುತ್ತವೆ. ಸಿವಿ 3 ಎಷ್ಟು ನಿಧಾನವಾಗಿ ವೇಗ ಹಿಡಿಯಬೇಕೆಂದೂ, ಸಿವಿ 4 ಎಷ್ಟು ನಿಧಾನವಾಗಿ ನಿಲ್ಲಬೇಕೆಂದೂ ಹೇಳುತ್ತವೆ. ಹಳೆಯ ಬಾಕ್‌ಮನ್ ಇ-ಜೆಡ್ ಕಮಾಂಡ್ ಅಗ್ಗಕ್ಕೆ ಸಿಗಬಹುದು, ಆದರೆ ಅದರಲ್ಲಿ ವಿಳಾಸ ಕೊಡುವುದರ ಹೊರತು ಬೇರೆ ಸಿವಿ ಮುಟ್ಟಲು ಬರುವುದಿಲ್ಲ. ಅಂಥದ್ದನ್ನು ಕೊಳ್ಳದಿರುವುದೇ ಲೇಸು. ಸಿವಿ ಓದುವ ಕ್ರಿಯೆ ನೋಡಲೂ ಸೊಗಸು. ಮೂಲ ವ್ಯವಸ್ಥೆಯಲ್ಲಿ ಡಿಕೋಡರ್‌ಗೆ ಮರುಮಾತನಾಡಲು ಬೇರೆ ದಾರಿಯಿಲ್ಲವಾದ್ದರಿಂದ, ಸಿವಿ ಓದಿ ಬರೆಯಲೆಂದೇ ಪ್ರತ್ಯೇಕವಾಗಿಟ್ಟ ಪ್ರೋಗ್ರಾಮಿಂಗ್ ಹಳಿಯ ಮೇಲೆ ‘ನಿನ್ನ ವಿಳಾಸ 3ರೇ?’ ಎಂಬಂಥ ಪ್ರಶ್ನೆಗೆ ಹೌದೆನ್ನಬೇಕಾದಾಗ ಅದು ಸುಮಾರು 6 ಮಿಲಿಸೆಕೆಂಡ್ ಕಾಲ 60 ಮಿಲಿಆಂಪಿಯರ್‌ನಷ್ಟು ಹೆಚ್ಚುವರಿ ವಿದ್ಯುತ್ ಎಳೆಯುತ್ತದೆ. ಬಹುತೇಕ ಡಿಕೋಡರ್‌ಗಳು ಅದಕ್ಕೆ ಮೋಟಾರನ್ನೇ ಬಳಸುವುದರಿಂದ, ಪ್ರತಿ ಉತ್ತರಕ್ಕೂ ಎಂಜಿನ್ ಕೂದಲೆಳೆಯಷ್ಟು ಮುಂದಕ್ಕೆ ಮಿಡುಕುತ್ತದೆ.

ಆಂಪಿಯರ್ ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಪುಟ್ಟ ಲೇಔಟಿನವರು ಬಿಡಬೇಕು. ಇಂದಿನ ಎಚ್‌ಒ ಎಂಜಿನ್ ಓಡುವಾಗ ಸಾಮಾನ್ಯವಾಗಿ ಅರ್ಧ ಆಂಪಿಯರ್‌ಗಿಂತ ಕಡಿಮೆ ಬಳಸುತ್ತದೆ. ಎರಡು ಮೂರು ರೈಲಿಗೆ 2 ಆಂಪಿಯರ್ ಧಾರಾಳ. ಚಕ್ರ ಹಳಿತಪ್ಪಿ ಶಾರ್ಟ್ ಆದಾಗ, 5 ಆಂಪಿಯರ್ ಬೂಸ್ಟರ್ ಬೇಗ ಕಡಿದುಕೊಳ್ಳದಿದ್ದರೆ, ಅಷ್ಟೂ ವಿದ್ಯುತ್ ಆ ಒಂದು ಬಿಂದುವಿನಲ್ಲಿ ಹರಿದು ಪ್ಲಾಸ್ಟಿಕ್ಕನ್ನು ಕರಗಿಸಬಲ್ಲದು.

ಎಲೆಕ್ಟ್ರಾನಿಕ್ಸ್ ಕೈಹಿಡಿದವರಿಗೆ ಡಿಸಿಸಿ-ಇಎಕ್ಸ್ ಎಂಬ ಮುಕ್ತ ತಂತ್ರಾಂಶವಿದೆ. ಆರ್ಡುಯಿನೋ ಮೆಗಾ ಎಂಬ ಪುಟ್ಟ ಕಂಪ್ಯೂಟರ್ ಫಲಕ, ಅದರ ಮೇಲೊಂದು ಮೋಟಾರ್ ಶೀಲ್ಡ್ (ಹಳಿಗೆ ವಿದ್ಯುತ್ ಹಾಯಿಸುವ ಫಲಕ), ಒಂದು ಡಿಸಿ ಅಡಾಪ್ಟರ್, ಇಷ್ಟಿದ್ದರೆ ಕಮಾಂಡ್ ಸ್ಟೇಷನ್ ಸಿದ್ಧ. ಓಡುವ ಹಳಿಗೂ ಪ್ರೋಗ್ರಾಮಿಂಗ್ ಹಳಿಗೂ ಪ್ರತ್ಯೇಕ ಸಂಪರ್ಕ ಸಿಗುತ್ತದೆ. ಈ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯುತ್ತವೆ, ಕೆಟ್ಟರೆ ವಿದೇಶಕ್ಕೆ ಕಳುಹಿಸಬೇಕಾಗಿಲ್ಲ. ಎಂಜಿನಿಯರಿಂಗ್ ಓದುವ ಹುಡುಗರು ಮನೆಯಲ್ಲಿದ್ದರೆ ನಾನು ಹೇಳುವುದು ಇದನ್ನೇ. ತಯಾರಾದ ಸಾಧನವನ್ನು ಹೊರದೇಶದಿಂದ ತರಿಸುವವರು ಅದರ ಅಡಾಪ್ಟರ್ ಮೇಲೆ 100-240 ವೋಲ್ಟ್ ಎಂದು ಬರೆದಿದೆಯೇ ಎಂದು ಮೊದಲು ನೋಡಬೇಕು. ಅಮೆರಿಕದ 120 ವೋಲ್ಟಿನ ಅಡಾಪ್ಟರ್ ನಮ್ಮ ಗೋಡೆಯ ಸಾಕೆಟ್ಟಿನಲ್ಲಿ ಬಾಳುವುದಿಲ್ಲ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮನೆಗಳಲ್ಲಿ ಗೋಡೆಯೇ ಬೆವರುವಾಗ ಹಳಿಯ ಮೇಲೂ ಕಪ್ಪು ಪೊರೆ ಕಟ್ಟುತ್ತದೆ. ಡಿಸಿ ಎಂಜಿನ್ ಅಂಥ ಕಡೆ ಒಂದು ಕ್ಷಣ ತಡವರಿಸಿ ಮುಂದೆ ಹೋಗುತ್ತದೆ. ಡಿಸಿಸಿ ಎಂಜಿನ್ನಿನಲ್ಲಿ ವಿದ್ಯುತ್ ತಪ್ಪಿದರೆ ಡಿಕೋಡರ್ ಮೊದಲಿನಿಂದ ಎಚ್ಚರಗೊಳ್ಳಬೇಕಾಗುತ್ತದೆ, ಧ್ವನಿಯಿರುವ ಎಂಜಿನ್ನಾದರೆ ಗಕ್ಕನೆ ಮೂಕವಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ಒರೆಸುವುದು ಸುಲಭದ ಉಪಾಯ. ಕ್ಷಣಕಾಲ ವಿದ್ಯುತ್ ಹಿಡಿದಿಡುವ ಕೆಪಾಸಿಟರನ್ನು ಎಂಜಿನ್ನಿನಲ್ಲಿ ಕೂರಿಸುವುದೂ ಉಂಟು. ಹಳಿಗಳನ್ನು ಜೋಡಿಸುವ ಲೋಹದ ಕೊಂಡಿಗಳನ್ನು ವಿದ್ಯುತ್ ಸಾಗಿಸಲು ನಂಬಬಾರದು, ತೇವಕ್ಕೆ ಅವು ಒಳಗೊಳಗೇ ಕಿಲುಬುಗಟ್ಟುತ್ತವೆ. ಹಲಗೆಯ ಕೆಳಗೆ ಎರಡು ದಪ್ಪ ತಂತಿ ಎಳೆದು, ಪ್ರತಿ ಹಳಿ ತುಂಡಿಗೂ ಅಲ್ಲಿಂದ ಸಣ್ಣ ತಂತಿ ಬೆಸೆಯಬೇಕು. ಬೆಸುಗೆ ಮುಗಿದ ಮೇಲೆ ಐದು ರೂಪಾಯಿಯ ನಾಣ್ಯವೊಂದನ್ನು ಲೇಔಟಿನ ಉದ್ದಕ್ಕೂ ಅಲ್ಲಲ್ಲಿ ಎರಡು ಹಳಿಗೆ ಅಡ್ಡವಾಗಿ ಇಟ್ಟು ನೋಡಬೇಕು. ಇಟ್ಟ ಕಡೆಯೆಲ್ಲ ಬೂಸ್ಟರ್ ಆ ಕ್ಷಣವೇ ವಿದ್ಯುತ್ ಕಡಿದರೆ ಸರಿ. ಎಲ್ಲಾದರೂ ಕಡಿಯದಿದ್ದರೆ ಅಲ್ಲಿಗೆ ಹೋಗುವ ತಂತಿ ತೆಳುವಾಗಿದೆ ಅಥವಾ ಬೆಸುಗೆ ಹಿಡಿದಿಲ್ಲ.